ದೊಡ್ಡ ಬಲೂನು, ಚಿಕ್ಕ ಮಾತು

"ನನ್ನ ಮಾತಿಗೆ ಕತ್ತರಿ ಹಾಕಿದ್ದು ಯಾರು?"

ಬಾಗಿಲು ಧಡಾರನೆ ತೆರೆದ ರಭಸಕ್ಕೆ ಅವಳ ಕೈಯಲ್ಲಿದ್ದ ಪೆನ್ನು ಗಾಳಿಯಲ್ಲೇ ನಿಂತಿತು. ಪುಣ್ಯಕ್ಕೆ ಕಾಗದದ ಮೇಲೆ ಇರಲಿಲ್ಲ. ಇದ್ದಿದ್ದರೆ ಇಡೀ ಪುಟ ಹಾಳಾಗುತ್ತಿತ್ತು, ಆಮೇಲೆ ಅವಳ ಬಾಯಿಂದ ಏನೇನು ಬರುತ್ತಿತ್ತೋ ದೇವರಿಗೇ ಗೊತ್ತು!

ತಲೆಯೆತ್ತಿ ನೋಡಿದಳು. ಕೆದರಿದ ಕೂದಲು. ಅಂಗಿಯ ಒಂದು ತೋಳು ಮಡಚಿದೆ, ಇನ್ನೊಂದು ಮಡಚಿಲ್ಲ. ಕೈಯಲ್ಲಿ ಕಾಮಿಕ್ಸ್‌ನ ಹೊಚ್ಚಹೊಸ ಸಂಚಿಕೆ, ಮುಖದಲ್ಲಿ ಮೂರು ಲೋಕದ ಕೋಪ.

"ನಾನೇ," ಅಂದಳು. "ಯಾಕೆ, ರಕ್ತ ಬಂತಾ?"

"ತಮಾಷೆ ಬೇಡ! ನಾನು ಇಲ್ಲಿ ನಲವತ್ತೊಂದು ಪದ ಬರೆದಿದ್ದೆ. ಈಗ ನೋಡಿದ್ರೆ ಮೂರು ಇದೆ. ಮೂರೇ ಮೂರು!"

"ಆ ಜಾಗದಲ್ಲಿ ನಿಮ್ಮ ನಾಯಕಿ ಹನ್ನೆರಡನೇ ಮಹಡಿಯಿಂದ ಬೀಳ್ತಿದ್ದಾಳೆ ತಾನೇ?"

"ಹೌದು."

"ನಿಮ್ಮ ನಲವತ್ತೊಂದು ಪದ ಮುಗಿಯೋ ಹೊತ್ತಿಗೆ ಅವಳು ನೆಲ ಸೇರಿ, ಆಂಬುಲೆನ್ಸ್ ಬಂದು, ಆಸ್ಪತ್ರೇಲಿ ಅಡ್ಮಿಟ್ ಆಗಿರ್ತಾಳೆ. ಬೀಳೋವಾಗ ಯಾರು ರೀ ಭಾಷಣ ಮಾಡ್ತಾರೆ?"

ಅವನು ಸಂಚಿಕೆ ಬಿಚ್ಚಿದ. ಪುಟ ನೋಡಿದ. ಆಮೇಲೆ, ಅವಳು ಎಣಿಸಿಯೇ ಇರಲಿಲ್ಲ... ನಕ್ಕುಬಿಟ್ಟ! ಕೋಪವೆಲ್ಲ ಎಲ್ಲಿ ಹೋಯಿತೋ ಏನೋ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸರಿ ರೀ, ಒಪ್ಕೊಂಡೆ. ಆದ್ರೆ ಮುಂದಿನ ಸಲ ಕೇಳಿ ಕತ್ತರಿಸಿ. ಬೇಡ ಅನ್ನಲ್ಲ. ಒಂದು ಮಾತು ಕೇಳಿ, ಅಷ್ಟೇ."

ಆ ದನಿಯಲ್ಲಿ ಜಗಳ ಇರಲಿಲ್ಲ. ಬರೆದವನಿಗೆ ತನ್ನ ಮಾತಿನ ಮೇಲಿರುವ ಪ್ರೀತಿ ಮಾತ್ರ ಇತ್ತು. ಅವಳಿಗೆ ಒಳಗೊಳಗೇ ನಾಚಿಕೆಯಾಯಿತು.

"ಆಯ್ತು. ನಿಮ್ಮನ್ನ ಕೇಳದೆ ಒಂದು ಪದಾನೂ ಮುಟ್ಟಲ್ಲ. ಮಾತು ಕೊಟ್ಟೆ."

ಕೊಡುವಾಗ ಅದು ಎಷ್ಟು ಹಗುರವಾದ ಮಾತು! ಅದನ್ನು ಮುರಿಯುವ ದಿನವೂ ಬರುತ್ತದೆ, ಮುರಿದ ಮೇಲೆ ಎದೆ ಹೀಗೆ ಒಡೆಯುತ್ತದೆ ಅಂತ ಆ ಹುಡುಗಿಗೆ ಆಗ ಎಲ್ಲಿ ಗೊತ್ತಿತ್ತು?

* * *

ಅವಳನ್ನು ಎಲ್ಲರೂ ಮುತ್ತು ಅಂತಲೇ ಕರೆಯುತ್ತಿದ್ದರು. ಅದು ಅಪ್ಪ ಇಟ್ಟ ಅಡ್ಡಹೆಸರು. ಆರು ವರ್ಷದ ಮಗಳು ಸ್ಲೇಟಿನ ಮೇಲೆ ಬರೆದದ್ದನ್ನು ನೋಡಿ, "ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗಿದೆ," ಅಂದಿದ್ದರಂತೆ. ಅಷ್ಟೇ, ಅಕ್ಷರಕ್ಕೆ ಇಟ್ಟ ಹೆಸರು ಹುಡುಗಿಗೇ ಅಂಟಿಕೊಂಡಿತು.

ಅಪ್ಪ ಮೂವತ್ತು ವರ್ಷ ಅದೇ ಕಾಮಿಕ್ಸ್ ಕಚೇರಿಯಲ್ಲಿ ಅಕ್ಷರ ಬರೆದವರು. ಚಿತ್ರದಲ್ಲಿ ಪಾತ್ರಗಳ ಬಾಯಿಂದ ಹೊರಡುವ ಬಿಳಿ ಬಲೂನು ಇರುತ್ತದಲ್ಲ, ಅದರೊಳಗಿನ ಮಾತನ್ನು ಒಂದೊಂದೇ ಅಕ್ಷರವಾಗಿ ಕೈಯಲ್ಲಿ ಬರೆಯುವ ಕೆಲಸ. ಬೇರೆ ಕಡೆಯೆಲ್ಲ ಅದನ್ನು ಕಂಪ್ಯೂಟರ್ ಮಾಡುತ್ತದೆ. ಇಲ್ಲಿಯ ಸಂಪಾದಕಿ ಮೇಡಂ ಮಾತ್ರ, "ಮೆಷಿನ್ ಅಕ್ಷರಕ್ಕೆ ಅಳೋಕೂ ಬರಲ್ಲ, ಕಿರುಚೋಕೂ ಬರಲ್ಲ," ಅಂತ ಹಟ ಹಿಡಿದು ಕೈಬರಹವನ್ನೇ ಉಳಿಸಿಕೊಂಡಿದ್ದರು. ಅಪ್ಪನ ಕೈ ನಡುಗಲು ಶುರುವಾದ ವರ್ಷ ಆ ಪೆನ್ನು, ಆ ಮೇಜು, ಕಿಟಕಿ ಪಕ್ಕದ ಆ ಕುರ್ಚಿ ಮಗಳಿಗೆ ಬಂದವು.

ಆದರೂ ಒಂದು ಪದ್ಧತಿ ಉಳಿದಿತ್ತು. ಬರೆದ ಪ್ರತಿ ಪುಟದ ನಕಲೂ ಸಂಜೆ ಅಪ್ಪನ ಹತ್ತಿರ ಹೋಗಬೇಕು. ಅವರು ಭೂತಗನ್ನಡಿ ಹಿಡಿದು ನೋಡಿ, ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಟಿಕ್ ಹಾಕಬೇಕು. ಆ ಟಿಕ್ ಬೀಳದೆ ಪುಟ ಪ್ರೆಸ್ಸಿಗೆ ಹೋಗುವಂತಿಲ್ಲ.

ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಸಂಜೆಯ ಚಹಾ, ಭೂತಗನ್ನಡಿ, "ಈ ಕೊಂಬು ಸ್ವಲ್ಪ ಸೊಟ್ಟಗಿದೆ ಮುತ್ತು," "ನಿನ್ನ ಕನ್ನಡಕ ಸೊಟ್ಟಗಿದೆ ಅಪ್ಪಾ." ಅವಳ ದಿನ ಮುಗಿಯುತ್ತಿದ್ದದ್ದು ಹೀಗೆ.

ಆ ಎರಡು ಕುರ್ಚಿಗಳ ನಡುವೆ ಬಂದು ಕೂತವನು, ಅವತ್ತು ಧಡಾರನೆ ಬಾಗಿಲು ತೆರೆದ ಆ ಹೊಸ ಕಥೆಗಾರ.

ಒಂದು ಭಾನುವಾರ ಬಂದು, "ಎಷ್ಟು ದೊಡ್ಡ ಬಲೂನಿಗೆ ಎಷ್ಟು ಪದ ಹಿಡಿಯುತ್ತೆ, ಕಲಿಸಿ ಸಾರ್," ಅಂತ ಅಪ್ಪನ ಮುಂದೆ ನೋಟ್‌ಬುಕ್ ಬಿಚ್ಚಿದ. ಅಪ್ಪನಿಗೆ ಅಷ್ಟು ಸಾಕಾಯಿತು! ಆಮೇಲೆ ಪ್ರತಿ ಭಾನುವಾರವೂ ಗುರು ಶಿಷ್ಯರ ತರಗತಿ. ಅವಳು ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದಳು. ಅವನು ಅಪ್ಪನ ನಡುಗುವ ಕೈಯನ್ನು ನೋಡದವನ ಹಾಗೆ ನೋಡುತ್ತಿದ್ದ. ಚಹಾ ಲೋಟ ಕೊಡುವಾಗ ಮುಕ್ಕಾಲು ಮಾತ್ರ ತುಂಬಿಸಿ ಕೊಡುತ್ತಿದ್ದ, ಚೆಲ್ಲಬಾರದು ಅಂತ.

ಅಯ್ಯೋ, ಇವನ್ಯಾಕೆ ಇಷ್ಟು ಒಳ್ಳೆಯವನು! ಅಂತ ಅವಳಿಗೆ ಸಿಟ್ಟೇ ಬರುತ್ತಿತ್ತು. ಪ್ರೀತಿಯಲ್ಲಿ ಬಿದ್ದವರ ಸಿಟ್ಟು ಹೀಗೇ ಇರುತ್ತದೆ, ಬಿಡಿ.

* * *

ಅವರ ಕಾಮಿಕ್ಸ್‌ನ ನಾಯಕಿ ನೀಲಿಕಿಡಿ. ಕೈಚಾಚಿದರೆ ಬೆರಳ ತುದಿಯಿಂದ ನೀಲಿ ಮಿಂಚು ಹಾರಿಸುವ ಹುಡುಗಿ. ಒಬ್ಬ ಗಡಿಯಾರ ರಿಪೇರಿಯವನ ಮಗಳಾಗಿ ಬೆಳೆದವಳು. ಅಪ್ಪನ ಬೆರಳಲ್ಲಿ ಬರೀ ಎಣ್ಣೆಯ ಜಿಡ್ಡು, ಮಗಳ ಬೆರಳಲ್ಲಿ ಮಿಂಚು! ಹಾಗಾದರೆ ಈ ಶಕ್ತಿ ಯಾರಿಂದ ಬಂತು? ಓದುಗರು ಹದಿನಾರು ವರ್ಷದಿಂದ ಪತ್ರ ಬರೆದು ಬರೆದು ಮೇಡಂ ತಲೆ ತಿನ್ನುತ್ತಿದ್ದರು.

ಒಂದು ದಿನ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಹೇಳಿಯೇಬಿಟ್ಟರು. "ಇನ್ನೂರನೇ ಸಂಚಿಕೆಯಲ್ಲಿ ಗುಟ್ಟು ಹೊರಗೆ ಬರಬೇಕು. ನೀಲಿಕಿಡಿಯ ನಿಜವಾದ ಅಪ್ಪ ಕಬ್ಬಿಣದ ದೊರೆ."

ಕಬ್ಬಿಣದ ದೊರೆ ಅಂದರೆ ಊರೂರಿಗೆ ಬೆಂಕಿ ಇಡುವ ಖಳನಾಯಕ. ಚಿತ್ರಗಾರ ಅಣ್ಣ ಪೆನ್ಸಿಲ್ ಕಚ್ಚುತ್ತಾ, "ಮುಗೀತಲ್ಲ! ಈ ಸೂಪರ್‌ಹೀರೋಗಳ ಮನೇಲಿ ಅಪ್ಪ ಅಂತ ಕರೆಸ್ಕೊಂಡವನು ಅಪ್ಪ ಆಗಿರೋದೇ ಇಲ್ಲ ನೋಡಿ," ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಅವಳು ನಗಲಿಲ್ಲ. ಕಥೆಗಾರ ಅದನ್ನು ಗಮನಿಸಿದ.

ಮಧ್ಯಾಹ್ನ ಇಬ್ಬರೂ ಎಂದಿನಂತೆ ಮೆಟ್ಟಿಲ ತಿರುವಿನಲ್ಲಿ ಚಹಾ ಹಿಡಿದು ಕೂತಿದ್ದರು. ಅವನು ಮೆಲ್ಲಗೆ ಕೇಳಿದ.

"ಒಂದು ಕೇಳ್ಲಾ? ನೀಲಿಕಿಡಿ ಜಾಗದಲ್ಲಿ ನೀವಿದ್ದಿದ್ರೆ, ನಿಜ ತಿಳ್ಕೋಬೇಕು ಅನ್ನಿಸ್ತಿತ್ತಾ?"

ಅವಳು ಲೋಟವನ್ನು ಮೆಟ್ಟಿಲ ಮೇಲೆ ಇಟ್ಟಳು. ಎಂಟು ವರ್ಷ ಯಾರಿಗೂ ಹೇಳದ ಮಾತು ಅದು. ಇವತ್ತು ಯಾಕೋ ಗಂಟಲಿಗೆ ಬಂದು ನಿಂತಿತ್ತು.

"ಆ ಜಾಗದಲ್ಲೇ ಇದೀನಿ ರೀ ನಾನು..."

ಹತ್ತೊಂಬತ್ತನೇ ವಯಸ್ಸಿನಲ್ಲಿ ಅಮ್ಮನ ಹೊಲಿಗೆ ಪೆಟ್ಟಿಗೆ ಒರೆಸುವಾಗ, ತಳಕ್ಕೆ ಅಂಟಿಸಿದ್ದ ಕಾಗದದ ಅಡಿಯಲ್ಲಿ ಅವಳ ಜನನ ಪತ್ರ ಸಿಕ್ಕಿತ್ತು. ತಂದೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಇರಲಿಲ್ಲ. ಯಾರದೋ ಹೆಸರು. ಒಂದೇ ಒಂದು ಸಲವೂ ಆ ಮನೆಯಲ್ಲಿ ಕೇಳಿಲ್ಲದ ಹೆಸರು! ಅವಳು ಅದನ್ನು ಇದ್ದ ಹಾಗೇ ಮಡಚಿ, ಇದ್ದ ಹಾಗೇ ಅಂಟಿಸಿ ಇಟ್ಟಿದ್ದಳು.

"ಅಪ್ಪಂಗೆ ಗೊತ್ತಿಲ್ಲ, ನಂಗೆ ಗೊತ್ತು ಅಂತ. ಗೊತ್ತಾಗಲೇಬಾರದು. ಗೊತ್ತಾದ ದಿನದಿಂದ ಅಪ್ಪ ನನ್ನ ಬೈಯೋ ಮುಂಚೆ ಯೋಚನೆ ಮಾಡ್ತಾರೆ. 'ನನಗೆ ಹಕ್ಕಿದೆಯಾ' ಅಂತ ಅನುಮಾನ ಪಡ್ತಾರೆ. ನಂಗೆ ಅದು ಬೇಡ. ನಂಗೆ ಯೋಚನೆ ಮಾಡದೆ ಬೈಯೋ ಅಪ್ಪಾನೇ ಬೇಕು."

ಅವಳ ಕೆನ್ನೆ ಒದ್ದೆಯಾಗಿತ್ತು. ಅವನು ಸಮಾಧಾನ ಹೇಳಲು ಹೋಗಲಿಲ್ಲ. ಕರವಸ್ತ್ರ ತೆಗೆದು ಅವಳ ಪಕ್ಕದ ಮೆಟ್ಟಿಲ ಮೇಲೆ ಇಟ್ಟ.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

"ಕೊಟ್ಟೆ."

"ಅಪ್ಪಂಗಂತೂ..."

"ಪ್ರಾಣ ಹೋದ್ರೂ ಹೇಳಲ್ಲ."

ಸ್ವಲ್ಪ ಹೊತ್ತಾದ ಮೇಲೆ ಅವನು ತಡವರಿಸುತ್ತಾ, "ನಿಮ್ಮ ಹತ್ರ ನಾನೂ ಒಂದು ಮಾತು ಹೇಳ್ಬೇಕಿತ್ತು..." ಅಂದ. ಕಿವಿ ಕೆಂಪಾಗಿತ್ತು.

ಯಾವ ಮಾತು ಅಂತ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅಳುವಿನ ನಡುವೆಯೂ ನಗು ಬಂತು. "ಎಷ್ಟು ಪದ?"

"ಒಂದು ನಲವತ್ತು ಆಗ್ಬಹುದು."

"ಉದ್ದ ಆಯ್ತು. ಇನ್ನೂರನೇ ಸಂಚಿಕೆ ಮುಗೀಲಿ, ಆಮೇಲೆ ಕೇಳ್ತೀನಿ."

ಆ ದಿನ ಅವಳು ಬರೆದ ಪುಟಗಳಲ್ಲಿ ಕಬ್ಬಿಣದ ದೊರೆಯ ಗರ್ಜನೆಯೂ ಜೋಗುಳದ ಹಾಗೆ ಕಾಣುತ್ತಿತ್ತು ಅಂತ ಮೇಡಂ ಬೈದರು!

* * *

ಎರಡು ತಿಂಗಳು ಕಳೆದವು. ಇನ್ನೂರನೇ ಸಂಚಿಕೆಯ ಪುಟಗಳು ಒಂದೊಂದಾಗಿ ಅವಳ ಮೇಜಿಗೆ ಬಂದವು. ಚಿತ್ರಗಾರ ಅಣ್ಣ ಚಿತ್ರ ಬರೆದು, ಕಥೆಗಾರನ ಮಾತಿನ ಉದ್ದ ನೋಡಿ, ಅದಕ್ಕೆ ತಕ್ಕಷ್ಟು ದೊಡ್ಡ ಬಲೂನು ಖಾಲಿ ಬಿಟ್ಟಿರುತ್ತಿದ್ದರು. ಅವಳು ಮಾತು ತುಂಬಬೇಕು.

ಇಪ್ಪತ್ತೆರಡನೇ ಪುಟ ಬಂದಾಗ ಬೆಳಗಿನ ಹನ್ನೊಂದು ಗಂಟೆ.

ಪುಟದ ತುಂಬ ಒಂದೇ ಚಿತ್ರ. ಗಡಿಯಾರದ ಅಂಗಡಿ. ನೀಲಿಕಿಡಿ ಬಾಗಿಲಲ್ಲಿ ನಿಂತಿದ್ದಾಳೆ. ಮುದುಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಅವನ ತಲೆಯ ಮೇಲೆ ದೊಡ್ಡದೊಂದು ಖಾಲಿ ಬಲೂನು. ಅವಳು ಪಕ್ಕದ ಹಾಳೆಯಲ್ಲಿದ್ದ ಮಾತು ಓದಿದಳು.

'ನೀನು ಹುಟ್ಟಿದ್ದು ನನಗಲ್ಲ ಮಗಳೇ. ಆದರೆ ನೀನು ಮೊಟ್ಟಮೊದಲ ಹೆಜ್ಜೆ ಇಟ್ಟಿದ್ದು ನನ್ನ ಕಡೆಗೆ. ಅವತ್ತು ಎಲ್ಲಿ ನಿಂತಿದ್ದೆನೋ ಇವತ್ತೂ ಅಲ್ಲೇ ನಿಂತಿದ್ದೀನಿ. ನೀನು ಬಂದು ಸೇರಲಿ ಅಂತ.'

ಇನ್ನೊಂದು ಸಲ ಓದಿದಳು.

ಮೊದಲ ಹೆಜ್ಜೆ... ಅದು ಅವಳ ಮನೆಯ ಕಥೆ! ಇದೇ ಕಚೇರಿಯಲ್ಲಿ ಅಮ್ಮ ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಕೋಣೆಯಲ್ಲಿ ಅವಳು ಮೊದಲ ಸಲ ಎದ್ದು ನಡೆದದ್ದು, ಶಾಯಿ ಕೈಯ ಅಪ್ಪನ ಕಡೆಗೆ. ಅಪ್ಪ ನೂರು ಸಲ ಹೇಳಿದ್ದ ಕಥೆ. ಅದನ್ನೇ ಅವಳು ಆ ಮೆಟ್ಟಿಲ ಮೇಲೆ ಅಳುತ್ತಾ ಕಥೆಗಾರನಿಗೂ ಹೇಳಿದ್ದಳು.

ನನ್ನ ಗುಟ್ಟನ್ನ ಕದ್ದು ಮಾರ್ತಿದ್ದಾನಾ? ಇವನಾ?!

ಪುಟವನ್ನು ಹಿಡಿದುಕೊಂಡೇ ಅವನ ಮೇಜಿನ ಮುಂದೆ ನಿಂತಳು. "ಇದನ್ನ ಬರೆದಿದ್ದು ನೀವೇನಾ?"

ಅವನು ಎದ್ದು ನಿಂತ. "ನಾನೇ."

"ನನ್ನ ಹೊಟ್ಟೇಲಿ ಇದ್ದ ಮಾತನ್ನ ತೆಗೆದು ಲಕ್ಷ ಜನರ ಕೈಗೆ ಕೊಡ್ತಿದ್ದೀರಾ? ಕಥೆ ಸಿಗಲಿಲ್ಲ ಅಂತ ನನ್ನ ಜೀವನಾನೇ ಬೇಕಾಯ್ತಾ?"

"ನೀವು ಅಂದ್ಕೊಂಡ ಹಾಗಲ್ಲ..."

"ಮತ್ತೆ ಹೇಗೆ? ಹೇಳಿ!"

ಅವನು ಮೇಜಿನ ಕಾಗದಗಳನ್ನು ಸರಿಸಿದ. "ಹೇಳಕ್ಕಾಗಲ್ಲ. ದಯವಿಟ್ಟು... ಇದೊಂದು ಸಲ ಇದ್ದ ಹಾಗೇ ಬರೀರಿ."

"ಸಾಯಂಕಾಲ ಇದು ಅಪ್ಪನ ಕೈಗೆ ಹೋಗುತ್ತೆ. ಅಪ್ಪ ಓದ್ತಾರೆ!"

"ಗೊತ್ತು."

ಗೊತ್ತು! ಆ ಒಂದು ಪದ ಅವಳ ಎದೆಗೆ ಚುಚ್ಚಿತು. ಗೊತ್ತಿದ್ದೂ ಬರೆದಿದ್ದಾನೆ. ಅವಳು ಇನ್ನೇನೂ ಕೇಳಲಿಲ್ಲ.

"ನಿಮ್ಮ ನಲವತ್ತು ಪದ ನಿಮ್ಮ ಹತ್ರಾನೇ ಇರ್ಲಿ. ನಂಗೆ ಇನ್ನು ಒಂದೂ ಬೇಡ."

ತನ್ನ ಮೇಜಿಗೆ ಬಂದು ಕೂತಳು. ಕಣ್ಣೀರು ಪುಟದ ಮೇಲೆ ಬೀಳದ ಹಾಗೆ ಕತ್ತು ಹಿಂದಕ್ಕೆ ಎತ್ತಿ, ತುಂಬ ಹೊತ್ತು ಸೂರು ನೋಡಿದಳು. ಆಮೇಲೆ ಪೆನ್ನು ಶಾಯಿಯಲ್ಲಿ ಅದ್ದಿದಳು.

ಅಕ್ಷರ ಬರೆಯುವವರು ಮಾಡಲೇಬಾರದ ಕೆಲಸವನ್ನು ಮಾಡಿದಳು. ಕೊಟ್ಟ ಮಾತು ಮುರಿದು, ಬರೆದವನನ್ನು ಕೇಳದೆ, ಮತ್ತೆ ಅವನ ಸಾಲು ಬದಲಿಸಿದಳು. ಆ ದೊಡ್ಡ ಬಲೂನಿನೊಳಗೆ ಅವಳು ಬರೆದದ್ದು ಇಷ್ಟೇ.

'ನಾನೇ ನಿನ್ನ ಅಪ್ಪ. ಅಷ್ಟು ಸಾಕು.'

* * *

ಸಂಜೆ ಅಪ್ಪ ಭೂತಗನ್ನಡಿ ಹಿಡಿದು ಕೂತರು. ಅವಳು ಚಹಾ ತಂದಿಟ್ಟು, ಬಟ್ಟೆ ಮಡಚುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಳು. ಇಪ್ಪತ್ತು... ಇಪ್ಪತ್ತೊಂದು... ಟಿಕ್, ಟಿಕ್.

ಆಮೇಲೆ ಪೆನ್ಸಿಲ್ಲಿನ ಸದ್ದು ನಿಂತಿತು.

"ಮುತ್ತು."

"ಹೇಳಪ್ಪಾ."

"ಬಲೂನು ಇಷ್ಟು ದೊಡ್ಡದು, ಮಾತು ಇಷ್ಟು ಚಿಕ್ಕದು. ಆ ನೀಲಿಕಿಡಿ ಬೀಳೋ ಪುಟ ಬಿಟ್ರೆ ನಿನ್ನ ಕೈಯಲ್ಲಿ ಇಂಥ ಕೆಲಸ ಇದುವರೆಗೂ ಆಗಿಲ್ಲ."

"ಚಿತ್ರಗಾರ ಅಣ್ಣ ಅಳತೆ ತಪ್ಪಿರಬೇಕು."

"ಅವನು ತಪ್ಪಲ್ಲ. ಮಾತು ನೋಡಿಯೇ ಜಾಗ ಬಿಡ್ತಾನೆ. ಇಲ್ಲಿ ಇಪ್ಪತ್ತೊಂದು ಪದ ಇತ್ತು." ಅಪ್ಪ ಭೂತಗನ್ನಡಿ ಕೆಳಗಿಟ್ಟರು. "ನಾನೇ ಎಣಿಸಿದ್ದೆ."

ಅವಳು ತಟ್ಟನೆ ತಿರುಗಿದಳು. ಎಣಿಸಿದ್ದೆ ಅಂದರೆ?

ಅಪ್ಪ ಪುಟ ನೋಡುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತಾ, ಒಂದೊಂದೇ ಪದವಾಗಿ ಹೇಳಿದರು.

"ನೀನು ಹುಟ್ಟಿದ್ದು ನನಗಲ್ಲ ಮಗಳೇ. ಆದರೆ ನೀನು ಮೊಟ್ಟಮೊದಲ ಹೆಜ್ಜೆ ಇಟ್ಟಿದ್ದು ನನ್ನ ಕಡೆಗೆ..."

"ಅಪ್ಪಾ! ಅದು... ಅದು ನಿಂಗೆ ಹೇಗೆ ಗೊತ್ತು?"

"ನನ್ನ ಮಾತು ನನಗೆ ಗೊತ್ತಿರಲ್ವೇನೇ?"

ಅಪ್ಪ ಅವಳ ಕಡೆ ತಿರುಗಿದರು.

"ಮೂವತ್ತು ವರ್ಷ ಬೇರೆಯವರ ಮಾತು ಬರೆದೆ ಮುತ್ತು. ಅಳೋರದ್ದು, ನಗೋರದ್ದು, ಎಲ್ಲಾ ಬರೆದೆ. ನನ್ನದು ಅಂತ ಒಂದು ಮಾತು ನಿನಗೆ ಹೇಳೋಕೆ ಬಾಯೇ ಬರ್ಲಿಲ್ಲ. ಬರೆದುಕೊಡೋಣ ಅಂದ್ರೆ ಈ ಕೈ ನೋಡು, ಹೇಗಾಗಿದೆ. ನಾನು ಹೋದಮೇಲೆ ಆ ಹೊಲಿಗೆ ಪೆಟ್ಟಿಗೇಲಿ ಆ ಕಾಗದ ಸಿಕ್ಕಿದ್ರೆ, ಅಪ್ಪ ನನಗೆ ಮೋಸ ಮಾಡಿದ ಅನ್ಕೊಂಡುಬಿಡ್ತೀಯಲ್ಲ ಅಂತ ಭಯ ಆಗ್ತಿತ್ತು."

"ಅದಕ್ಕೆ..."

"ಅದಕ್ಕೆ ಆ ಹುಡುಗನ ಕೈ ಹಿಡ್ಕೊಂಡೆ. 'ನೀನು ಕಥೇಲಿ ಸೇರಿಸಪ್ಪ, ಅವಳ ಕೈಯಲ್ಲೇ ಬರೆಸು. ಬರೀತಾ ಬರೀತಾ ಅವಳಿಗೆ ತಿಳೀಲಿ' ಅಂದೆ. ನಾನು ಹೇಳೋವರೆಗೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡೆ. ಪಾಪ, ಅವನು ನನ್ನ ಮುಖ ನೋಡಿ ಏನೋ ಹೇಳೋಕೆ ಬಂದ. ಹೇಳ್ಲಿಲ್ಲ. ತುಂಬ ಹೊತ್ತು ತಲೆ ಬಗ್ಗಿಸಿ ಕೂತಿದ್ದ."

ಅವಳಿಗೆ ಈಗ ಎಲ್ಲ ಅರ್ಥವಾಯಿತು. ಎರಡೂ ಕಡೆಯ ಗುಟ್ಟು ಅವನೊಬ್ಬನ ಎದೆಯಲ್ಲಿತ್ತು! ಇವಳಿಗೆ ಹೇಳಿದರೆ ಅಪ್ಪನ ಆಣೆ ಮುರಿಯಬೇಕು, ಅಪ್ಪನಿಗೆ ಹೇಳಿದರೆ ಇವಳ ಮಾತು ಮುರಿಯಬೇಕು. ಕಳ್ಳ ಅನ್ನಿಸಿಕೊಂಡರೂ ಸರಿ ಅಂತ ಬಾಯಿ ಮುಚ್ಚಿಕೊಂಡು ನಿಂತಿದ್ದ.

"ಈಗ ನೀನು ಹೇಳು," ಅಪ್ಪನ ದನಿ ಇನ್ನೂ ಚಿಕ್ಕದಾಯಿತು. "ಆ ಮಾತನ್ನ ಯಾಕೆ ತೆಗೆದೆ? ಓದಿ ಬೇಜಾರಾಯ್ತಾ? ನನ್ನ ಮೇಲೆ ಕೋಪಾನಾ?"

ಅವಳು ಓಡಿಹೋಗಿ ಅಪ್ಪನ ಮೊಣಕಾಲಿಗೆ ತಲೆ ಇಟ್ಟಳು.

"ನಂಗೆ ಎಂಟು ವರ್ಷದಿಂದ ಗೊತ್ತಪ್ಪಾ..."

ಅಪ್ಪನ ಕೈ ಅವಳ ತಲೆಯ ಮೇಲೆ ಹಾಗೇ ನಿಂತುಬಿಟ್ಟಿತು.

"ಆ ಪೆಟ್ಟಿಗೇಲಿ ನಾನಾಗ್ಲೇ ನೋಡಿದ್ದೆ. ನಿಂಗೆ ತಿಳಿದ್ರೆ ನೀನು ನನ್ನ ಬೈಯೋದು ಬಿಟ್ಟುಬಿಡ್ತೀಯ ಅಂತ... ನೀನು ದೂರ ಆಗಿಬಿಡ್ತೀಯ ಅಂತ ಹೇಳ್ಲಿಲ್ಲ. ನಿಂಗೆ ನೋವಾಗಬಾರದು ಅಂತಾನೇ ಆ ಮಾತು ತೆಗೆದಿದ್ದು."

"ಎಂಟು ವರ್ಷ?" ಅಪ್ಪ ತಡವರಿಸಿದರು. "ಎಂಟು ವರ್ಷದಿಂದ ಗೊತ್ತಿದ್ದೂ, ದಿನಾ ಸಂಜೆ ನನ್ನ ಕನ್ನಡಕ ಒರೆಸಿಕೊಟ್ಯಾ?"

"ಇನ್ಯಾರು ಒರೆಸ್ತಾರೆ?"

"ನಿನ್ನ ಹುಟ್ಟಿಸಿದವನು ಯಾರು, ಎಲ್ಲಿದ್ದಾನೆ ಅಂತ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಒಂದು ದಿನ ಕೇಳ್ತೀನಿ. ಇವತ್ತಲ್ಲ." ಅವಳು ತಲೆಯೆತ್ತಿದಳು. "ನೀನು ನನ್ನ ಅಪ್ಪ. ಅಷ್ಟು ಸಾಕು."

ಅಪ್ಪ ಅತ್ತರು. ಅವಳೂ ಅತ್ತಳು. ಚಹಾ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಮೂಗು ಒರೆಸಿಕೊಂಡು, ಪುಟ ಎತ್ತಿ ಅವಳ ಮುಂದೆ ಹಿಡಿದರು.

"ಏನೇ ಆಗ್ಲಿ, ಕೇಳದೆ ಮಾತು ಬದಲಿಸಿದ್ದು ತಪ್ಪು. ಮೂವತ್ತು ವರ್ಷದಲ್ಲಿ ನಾನು ಒಂದು ಸಲವೂ ಮಾಡಿಲ್ಲ. ಬುದ್ಧಿ ಎಲ್ಲಿಟ್ಟಿದ್ದೆ?"

ಯೋಚನೆಯೇ ಮಾಡದೆ ಬೈದರು! ಅವಳಿಗೆ ಅಳುವಿನ ನಡುವೆ ನಗು ತಡೆಯಲಾಗಲಿಲ್ಲ.

* * *

ಮರುದಿನ ಬೆಳಿಗ್ಗೆ ಕಚೇರಿಗೆ ಓಡೋಡಿ ಬಂದರೆ, ಮೇಡಂ ಕೆಂಡಾಮಂಡಲವಾಗಿದ್ದರು.

"ನೋಡಿದ್ಯಾ ಆ ಕಥೆಗಾರನ ಕೆಲಸ? ಇನ್ನೂರನೇ ಸಂಚಿಕೆಯ ಗುಟ್ಟೇ ಇರೋದು ಇಪ್ಪತ್ತೆರಡನೇ ಪುಟದಲ್ಲಿ. ಅಲ್ಲೇ ಮಾತು ಬದಲಾಯಿಸಿದ್ದಾನೆ! ನಿನ್ನೆ ಕರೆದು ಕೇಳಿದ್ರೆ, 'ಮುತ್ತು ಅವರ ತಪ್ಪಿಲ್ಲ, ನಾನೇ ಕೊನೇ ಗಳಿಗೇಲಿ ಬದಲಾಯಿಸಿದೆ' ಅಂದ. ಹಾಗಾದ್ರೆ ಸರಿಮಾಡಿಕೊಡು ಅಂದೆ. 'ಅವರು ಬರೆದದ್ದನ್ನ ಅಳಿಸೋಕೆ ಹೇಳಲ್ಲ' ಅಂತ ಹಟ. ಬೈದೆ. ಕೆಲಸಾನೇ ಬೇಡ ಅಂದುಬಿಟ್ಟ. ಈಗ ಮೇಜು ಖಾಲಿ ಮಾಡ್ತಿದ್ದಾನೆ."

"ಬದಲಾಯಿಸಿದ್ದು ನಾನು ಮೇಡಂ!"

"ಏನು?!"

"ಬೈಯೋದಿದ್ರೆ ಆಮೇಲೆ ಬೈಯಿರಿ. ಪುಟ ಮಧ್ಯಾಹ್ನದೊಳಗೆ ಸರಿಮಾಡಿಕೊಡ್ತೀನಿ. ಅವರನ್ನ ಬಿಡಬೇಡಿ... ಅಲ್ಲ, ನಾನೇ ನಿಲ್ಲಿಸ್ತೀನಿ!"

ಅವನ ಮೇಜು ಆಗಲೇ ಖಾಲಿ. ಮೆಟ್ಟಿಲು ಎರಡೆರಡಾಗಿ ಇಳಿದಳು. ಅದೇ ತಿರುವಿನಲ್ಲಿ, ಎದೆಯ ತನಕ ಬರುವ ರಟ್ಟಿನ ಡಬ್ಬ ಹೊತ್ತು, ಮುಂದಿನ ಮೆಟ್ಟಿಲು ಕಾಣದೆ ಕಾಲಲ್ಲಿ ತಡಕುತ್ತಾ ನಿಂತಿದ್ದ.

"ಡಬ್ಬ ಕೆಳಗಿಡಿ."

ಅವನು ಬೆಚ್ಚಿದ. "ನೀವಾ?"

"ಇಡಿ ಅಂದೆ."

ಇಟ್ಟ. ಅಂಗಿಯ ಒಂದು ತೋಳು ಇವತ್ತೂ ಮಡಚಿತ್ತು, ಇನ್ನೊಂದು ಮಡಚಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ಅಪ್ಪ ಎಲ್ಲಾ ಹೇಳಿದ್ರು. ನಾನೂ ಹೇಳಿದೆ."

ಅವನು ದೊಡ್ಡದಾಗಿ ಉಸಿರು ಬಿಟ್ಟು ಗೋಡೆಗೆ ಒರಗಿದ. ಎರಡು ತಿಂಗಳ ಹೊರೆ ಇಳಿದವನ ಹಾಗೆ ಅಲ್ಲೇ ಕುಸಿದು ಕೂತ.

"ಸಾರ್ ಹೇಗಿದ್ದಾರೆ? ಚೆನ್ನಾಗಿದ್ದಾರಾ?"

ಮೊದಲು ಕೇಳಿದ್ದು ಅದನ್ನೇ! ತನ್ನ ಕೆಲಸ ಹೋದದ್ದಲ್ಲ, ತನಗೆ ಬಿದ್ದ ಬೈಗುಳವಲ್ಲ. ಅವಳು ಪಕ್ಕದಲ್ಲೇ ಕೂತಳು.

"ಚೆನ್ನಾಗಿದ್ದಾರೆ. ಬೆಳಿಗ್ಗೆ ಎದ್ದು ಚಹಾಗೆ ಸಕ್ಕರೆ ಕಮ್ಮಿ ಅಂತ ಬೈದ್ರು." ಡಬ್ಬವನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಕ್ಷಮಿಸಿ. ಕಳ್ಳ ಅನ್ನೋ ಹಾಗೆ ಮಾತಾಡಿಬಿಟ್ಟೆ. ಮಾತು ಮುರಿದೋಳು ನಾನು, ತಪ್ಪು ಹೊತ್ಕೊಂಡಿದ್ದು ನೀವು."

"ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಅಂದ್ಕೋತಿದ್ದೆ. ನೀವು ಬದಲಾಯಿಸಿದ ಸಾಲು ನೋಡಿದೆ. ಅದನ್ನ ಅಳಿಸಿ ಅಂತ ಹೇಳೋಕೆ ನಂಗೆ ಮನಸ್ಸು ಬರ್ಲಿಲ್ಲ."

"ಅಳಿಸೋದು ಬೇಡ. ಅಪ್ಪ ಒಂದು ದಾರಿ ಹೇಳಿದ್ದಾರೆ. ದೊಡ್ಡ ಬಲೂನಿಗೆ ಅಪ್ಪನ ಮಾತೇ ಬರುತ್ತೆ. ಬಾಗಿಲಲ್ಲಿ ನಿಂತಿದ್ದಾಳಲ್ಲ ನೀಲಿಕಿಡಿ, ಅವಳ ತಲೆ ಮೇಲೆ ಒಂದು ಚಿಕ್ಕ ಬಲೂನು ಹಾಕ್ತೀವಿ. 'ನೀನೇ ನನ್ನ ಅಪ್ಪ. ಅಷ್ಟು ಸಾಕು.'" ಅವಳು ಅವನ ಕಡೆ ತಿರುಗಿದಳು. "ಈ ಸಲ ಕೇಳಿಯೇ ಬದಲಿಸ್ತಿದ್ದೀನಿ. ಹಾಕ್ಲಾ?"

ಅವನ ಕಣ್ಣು ತುಂಬಿತು. ತಲೆಯಾಡಿಸಿದ.

ಮೇಲಿನಿಂದ ಮೇಡಂ ದನಿ ಕೇಳಿತು. "ರೀ ಕಥೆಗಾರರೇ! ಆ ಡಬ್ಬ ವಾಪಸ್ ತಂದು ಇಡಿ! ಇನ್ನೂರ ಒಂದನೇ ಸಂಚಿಕೆ ನಿಮ್ಮ ತಾತ ಬರೀತಾರಾ?"

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಯಾರೂ ಏಳಲಿಲ್ಲ.

"ಅಂದ ಹಾಗೆ," ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಅಂದಳು, "ಇನ್ನೂರನೇ ಸಂಚಿಕೆ ಇವತ್ತು ಮುಗಿಯುತ್ತೆ. ಯಾರೋ ನಲವತ್ತು ಪದ ಇಟ್ಕೊಂಡಿದ್ರು..."

"ಬೇಡ ಅಂದ್ರಲ್ಲ?"

"ಕೋಪದಲ್ಲಿ ಅಂದಿದ್ದು ಲೆಕ್ಕಕ್ಕಿಲ್ಲ."

ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಅಂಚು ಸವೆದಿತ್ತು. ಅವಳು ಬಿಚ್ಚಿ ಓದಿದಳು. ಓದುತ್ತಾ ಓದುತ್ತಾ ಕೆನ್ನೆ ಬಿಸಿಯಾಯಿತು. ಅದರಲ್ಲಿ ಏನಿತ್ತು ಅಂತ ನಾನು ಹೇಳುವುದಿಲ್ಲ, ಅದು ಅವರಿಬ್ಬರ ಮಾತು. ಕೊನೆಯ ಸಾಲು ಮಾತ್ರ ಹೇಳುತ್ತೇನೆ. 'ನೀವು ನನ್ನನ್ನು ಮದುವೆ ಆಗ್ತೀರಾ?'

"ಉದ್ದ ಆಯ್ತು," ಅಂದಳು.

"ಕತ್ತರಿಸಿ. ಬೇಡ ಅನ್ನಲ್ಲ."

"ಇಲ್ಲ. ಇದರಲ್ಲಿ ಒಂದೂ ತೆಗೆಯಲ್ಲ. ಆದ್ರೆ ಈ ಕೊನೇ ಸಾಲು... ಇಷ್ಟೊಂದು ಮರ್ಯಾದೆ ಯಾಕೆ? ಅಪ್ಪನ್ನ ನಾನು ಯಾವತ್ತಾದ್ರೂ ಹೀಗೆ ಕರೆದಿದ್ದು ಕೇಳಿದ್ದೀರಾ? ನಮ್ಮೋರಿಗೆಲ್ಲ ಮರ್ಯಾದೆ ಕೊಟ್ಟು ನಂಗೆ ಅಭ್ಯಾಸ ಇಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಮುಖವೆಲ್ಲ ಅರಳಿತು. ಮೆಲ್ಲಗೆ, ಹೊಸ ಮಾತನ್ನು ಮೊದಲ ಸಲ ಆಡುವವನ ಹಾಗೆ ಹೇಳಿದ.

"ಮುತ್ತು... ನೀನು ನನ್ನ ಮದುವೆ ಆಗ್ತೀಯಾ?"

ಅವಳು ಕೈಚಾಚಿ, ಅವನ ಅಂಗಿಯ ಮಡಚದೆ ಉಳಿದಿದ್ದ ತೋಳನ್ನು ಎರಡು ಸುತ್ತು ಮಡಚಿದಳು. ಎರಡೂ ತೋಳು ಸಮ ಬಂದವೋ ಇಲ್ಲವೋ ಅಂತ ನೋಡಿದಳು.

"ಆಗ್ತೀನಿ ಕಣೋ. ಮೊದಲು ಬಾ, ಅಪ್ಪ ಟಿಕ್ ಹಾಕ್ಬೇಕು."